ಗಾಳಿ ಅಳೆಯಲು ಸಲಹೆಗಾರರಂತೆ!

ಮೊನ್ನೆ ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಹೊಸ ಮಾತು. ವರ್ಗಕೋಣೆಯ ಗಾಳಿ ಪರೀಕ್ಷಿಸಲು ಪುಣೆಯಿಂದ ಸಲಹೆಗಾರರನ್ನು ಕರೆಸಬೇಕಂತೆ! ಜತ್ತ ಸೀಮೆಯ ನಾವು ಕೇಳುವುದಿಷ್ಟೇ, ಅವರು ಬಂದು ಹೇಳುವುದೇನು?

ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 425 ಭಾಗ. ಕೋಣೆಯೊಳಗೆ 1000 ದಾಟಿದರೆ ಗಾಳಿಯಾಟ ಸಾಲದೆಂದು ಸಾಮಾನ್ಯ ಲೆಕ್ಕ. ಧೂಳು ಬರುತ್ತದೆಂದು ಕಿಟಕಿಗೆ ಮೊಳೆ ಹೊಡೆದು ಐವತ್ತು ಮಕ್ಕಳನ್ನು ಕೂಡಿಸಿದರೆ ದಾಟದೇನು? ಪಕ್ಕದಲ್ಲೇ ಬಿಸಿಯೂಟದ ಕಟ್ಟಿಗೆ ಒಲೆ, ಗಾಳಿ ತಿರುಗಿದರೆ ಹೊಗೆಯೆಲ್ಲ ಎರಡನೇ ಇಯತ್ತೆಗೆ. ಇದಕ್ಕೂ ವರದಿ ಬೇಕೆ? ಅದೂ ನಮ್ಮ ಪಾಲಕರು ಓದಲಾರದ ಇಂಗ್ಲಿಷಿನಲ್ಲಿ!

ಅಳೆಯುವುದೇ ಬೇಡವೆಂದಲ್ಲ. ಕೇಂದ್ರಕ್ಕೊಂದು ಮೀಟರು ಕೊಡಿ, ಏಳನೆಯ ಮಕ್ಕಳೇ ಅಳೆದು ಹಲಗೆಯ ಮೇಲೆ ಬರೆಯುತ್ತಾರೆ. (ಆ ಮೀಟರು ಹೊಗೆ ತೋರಿಸದು, ನಿಜ. ಹೊಗೆಗೆ ಮೂಗೇ ಸಾಕು.) ಸಲಹೆಗಾರರ ಫೀಯಲ್ಲಿ ಮೊದಲು ಕಿಟಕಿಗೆ ಜಾಳಿ ಹಾಕಿಸಿ, ಅಡುಗೆಯ ಅಕ್ಕನವರಿಗೆ ಗ್ಯಾಸ್ ಕೊಡಿಸಿ.