ಇಂಟೀರಿಯರ್ ಡಿಸೈನ್ ಪದವಿ: ಶುಲ್ಕ ಕಟ್ಟುವ ಮೊದಲು ಗಡಿನಾಡಿನ ನಾವು ನೋಡಬೇಕಾದ ಕಾಗದಗಳು



ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಕೂಡಲೇ ನಮ್ಮ ಸಂಘದ ಕಚೇರಿಗೆ ವಿಚಾರಣೆಗಳು ಶುರುವಾಗುತ್ತವೆ. ಮೊದಲೆಲ್ಲ ಎಂಜಿನಿಯರಿಂಗ್, ನರ್ಸಿಂಗ್, ಡಿ.ಎಡ್. ಇಷ್ಟರಲ್ಲೇ ಮಾತು ಮುಗಿಯುತ್ತಿತ್ತು. ಈಚೆಗೆ ಇಂಟೀರಿಯರ್ ಡಿಸೈನ್ ಎಂಬ ಹೆಸರು ಪದೇ ಪದೇ ಕೇಳಿಬರುತ್ತಿದೆ. ಮಂಜೇಶ್ವರದವರು ಪ್ಲಸ್ ಟು ಎನ್ನಲಿ, ಅಕ್ಕಲಕೋಟೆಯವರು ಬಾರಾವಿ ಎನ್ನಲಿ, ಆದೋನಿಯವರು ಇಂಟರ್ ಎನ್ನಲಿ, ಪ್ರಶ್ನೆ ಒಂದೇ: ಮಗಳು ಹಟ ಹಿಡಿದಿದ್ದಾಳೆ, ಸೇರಿಸಬಹುದೇ? ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇದು ಲಕ್ಷಗಟ್ಟಲೆ ಹಣದ ಮಾತು. ಆದ್ದರಿಂದ ನಮಗೆ ಖಚಿತವಾಗಿ ತಿಳಿದ ವಿಷಯಗಳನ್ನು ಇಲ್ಲಿ ಒಟ್ಟುಗೂಡಿಸಿ ಕೊಡುತ್ತಿದ್ದೇವೆ.

ಓದು ಯಾವುದರ ಬಗ್ಗೆ?

ಪರದೆ, ಬಣ್ಣ, ಸೋಫಾ ಆರಿಸುವುದಷ್ಟೇ ಈ ಓದು ಎಂದು ಹಲವರು ತಿಳಿದಿದ್ದಾರೆ. ಪಠ್ಯಕ್ರಮ ತೆರೆದು ನೋಡಿದರೆ ಬೇರೆಯೇ ಕಾಣುತ್ತದೆ. ಅಳತೆ ಹಿಡಿದು ನಕ್ಷೆ ಬರೆಯುವುದು, ಅಡುಗೆಕಟ್ಟೆ ಎಷ್ಟು ಎತ್ತರವಿದ್ದರೆ ಬೆನ್ನು ನೋಯುವುದಿಲ್ಲ ಎಂಬ ದೇಹಮಾಪನ, ಬೆಳಕು, ಗಾಳಿ, ವೈರಿಂಗ್, ನಲ್ಲಿ, ಬೆಂಕಿಯಿಂದ ಸುರಕ್ಷತೆ, ಸಾಮಗ್ರಿಗಳ ಗುಣ, ಎಸ್ಟಿಮೇಟು ಎಲ್ಲವೂ ಅದರಲ್ಲಿವೆ. ಸಾಮಾನ್ಯ ಪ್ಲೈವುಡ್ಡಿನ ಐಎಸ್ 303 ಮತ್ತು ನೀರಿನ ಜಾಗಕ್ಕೆ ಬಳಸುವ ಮರೈನ್ ಪ್ಲೈವುಡ್ಡಿನ ಐಎಸ್ 710, ಈ ಎರಡು ಮಾನಕಗಳ ವ್ಯತ್ಯಾಸ ಗೊತ್ತಿಲ್ಲದವರು ಗಿರಾಕಿಯ ದುಡ್ಡನ್ನು ನೀರಿಗೆ ಹಾಕಿದಂತೆಯೇ. ಆಟೋಕ್ಯಾಡ್, ಸ್ಕೆಚಪ್ ಮುಂತಾದ ಸಾಫ್ಟ್‌ವೇರ್‌ಗಳನ್ನೂ ಕಲಿಯಬೇಕು. ಶುಲ್ಕದ ಜೊತೆಗೆ ಒಳ್ಳೆಯ ಲ್ಯಾಪ್‌ಟಾಪು, ಶೀಟು, ಮಾಡೆಲ್ ಸಾಮಗ್ರಿಗಳ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಕಾನೂನು ಏನು ಹೇಳುತ್ತದೆ?

ಆರ್ಕಿಟೆಕ್ಟ್ ಎಂಬ ಹೆಸರಿಗೆ 1972ರ ಆರ್ಕಿಟೆಕ್ಟ್ಸ್ ಕಾಯಿದೆಯ ರಕ್ಷಣೆ ಇದೆ. ಪರಿಷತ್ತಿನಲ್ಲಿ ನೋಂದಾಯಿಸದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. ಇಂಟೀರಿಯರ್ ಡಿಸೈನರ್ ಎಂಬ ಹೆಸರಿಗೆ ಅಂಥ ಕಾಯಿದೆ ಇಲ್ಲ. ಅದೇ 1972ರಲ್ಲಿ ಹುಟ್ಟಿದ ಭಾರತೀಯ ಇಂಟೀರಿಯರ್ ಡಿಸೈನರುಗಳ ಸಂಸ್ಥೆ ಇದೆಯಾದರೂ ಅದು ವೃತ್ತಿಯವರು ಕಟ್ಟಿಕೊಂಡ ಸಂಘ, ಪರವಾನಗಿ ಕೊಡುವ ಪರಿಷತ್ತಲ್ಲ.

ಇದರಿಂದ ಎರಡು ಪರಿಣಾಮಗಳು. ಆರು ತಿಂಗಳ ಕೋರ್ಸು ಮಾಡಿದವರೂ ನಾಲ್ಕು ವರ್ಷ ಓದಿದವರೂ ಒಂದೇ ಬೋರ್ಡು ಹಾಕಬಹುದು. ಹಾಗಾಗಿ ಪದವಿ ತಾನಾಗಿ ಕೆಲಸ ಕೊಡುವುದಿಲ್ಲ. ಕೈಕೆಲಸ ಮತ್ತು ಮಾಡಿದ ಕೆಲಸಗಳ ಪೋರ್ಟ್‌ಫೋಲಿಯೊ ಕೊಡುತ್ತದೆ. ಎರಡನೆಯದಾಗಿ, ಕಟ್ಟಡದ ನಕ್ಷೆಗೆ ಸಹಿ ಹಾಕಬೇಕೆಂಬ ಆಸೆ ಇರುವ ಮಕ್ಕಳು ಬಿ.ಆರ್ಕ್.ಗೇ ಹೋಗಬೇಕು. ಅದು ಐದು ವರ್ಷದ ಓದು. ಗಣಿತ ಬೇಕು, ನಾಟಾದಂಥ ಅರ್ಹತಾ ಪರೀಕ್ಷೆ ಬೇಕು. ಇಂಟೀರಿಯರ್ ಡಿಸೈನ್ ಪದವಿಗೆ ಹೆಚ್ಚಿನ ಕಡೆ ಕಲೆ, ವಾಣಿಜ್ಯ ಓದಿದವರಿಗೂ ಅವಕಾಶವಿದೆ. ನಮ್ಮ ಊರುಗಳ ಹೆಣ್ಣುಮಕ್ಕಳು ಇದರ ಕಡೆ ಒಲಿಯಲು ಇದೂ ಒಂದು ಕಾರಣ.

"ಟೈ-ಅಪ್" ಪದವಿಗಳ ವಿಷಯ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಗಡಿಯ ಪಟ್ಟಣಗಳಲ್ಲಿ ಮಹಡಿಯ ಮೇಲೆ ಎರಡು ಕೋಣೆ ಹಿಡಿದು, ದೂರದ ರಾಜ್ಯದ ಯಾವುದೋ ವಿಶ್ವವಿದ್ಯಾಲಯದ ಪದವಿ ಕೊಡಿಸುತ್ತೇವೆ ಎನ್ನುವ ಸಂಸ್ಥೆಗಳಿವೆ. ನಮ್ಮ ಸದಸ್ಯರೊಬ್ಬರು ಮಗಳಿಗಾಗಿ ಅಂಥ ಒಂದು ಕಡೆ ಎರಡು ಕಂತು ಕಟ್ಟಿದ ನಂತರ ರಸೀದಿ ತಂದು ತೋರಿಸಿದರು. ರಸೀದಿಯಲ್ಲಿ ವಿಶ್ವವಿದ್ಯಾಲಯದ ಹೆಸರೇ ಇರಲಿಲ್ಲ. ಹಣ ವಾಪಸು ಬರಲಿಲ್ಲ, ಹುಡುಗಿಯ ಒಂದು ವರ್ಷವೂ ಹೋಯಿತು.

ನಿಯಮ ಸ್ಪಷ್ಟವಾಗಿದೆ. ಯುಜಿಸಿ ಕಾಯಿದೆಯ 22ನೇ ಕಲಮಿನಂತೆ ಪದವಿ ಕೊಡುವ ಹಕ್ಕು ಕಾನೂನಿನಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಛತ್ತೀಸಗಡದಲ್ಲಿ ಒಂದೇ ಕಾಯಿದೆಯಡಿ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡಿದ್ದವು. 2005ರಲ್ಲಿ ಪ್ರೊ. ಯಶಪಾಲ್ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅವುಗಳಿಗೆ ದಾರಿಮಾಡಿದ ಕಲಮುಗಳನ್ನು ರದ್ದುಮಾಡಿತು. ರಾಜ್ಯದ ಕಾಯಿದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿ ದಾಟಿ ಕೇಂದ್ರ ತೆರೆಯುವಂತಿಲ್ಲ ಎಂಬುದೂ ಆ ತೀರ್ಪಿನಿಂದ ಗಟ್ಟಿಯಾಯಿತು. ಗಡಿಯ ಈಚೆ ಆಚೆ ಬದುಕುವ ನಮಗೆ ಈ ಮಾತು ಬೇರೆಯವರಿಗಿಂತ ಹೆಚ್ಚು ಮುಖ್ಯ.

ಗುಮಾಸ್ತನ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಮಾತು ಕೇಳಬೇಡಿ, ಕಾಗದ ಕೇಳಿ. ಯುಜಿಸಿ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಇದೆಯೇ? ಈ ಊರಿನ ಕಾಲೇಜಿಗೆ ಅಫಿಲಿಯೇಶನ್ ಆದೇಶ ಇದೆಯೇ, ಈ ಸಾಲಿಗೆ ನವೀಕರಣವಾಗಿದೆಯೇ? ರಸೀದಿ ಯಾರ ಹೆಸರಿನಲ್ಲಿ? ಅಂಕಪಟ್ಟಿಯ ಮೇಲೆ ಪದವಿಯ ಹೆಸರು ಏನೆಂದು ಬರುತ್ತದೆ? ನಾಲ್ಕಕ್ಕೂ ಲಿಖಿತ ಉತ್ತರ ಸಿಗದಿದ್ದರೆ ಎದ್ದು ಬನ್ನಿ.

ಎಲ್ಲಿ ಓದಬಹುದು?

ಸೊಲ್ಲಾಪುರ, ಜತ್ತದ ಕಡೆಯವರು 1857ರಲ್ಲಿ ಆರಂಭವಾದ ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯನ್ನು ನೋಡಬಹುದು. ಅದಕ್ಕೆ 2023ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಬಂದಿದೆ. ಪಶ್ಚಿಮ ತೆಲಂಗಾಣದವರಿಗೆ ಹೈದರಾಬಾದಿನ ಜವಾಹರಲಾಲ್ ನೆಹರೂ ವಾಸ್ತುಶಿಲ್ಪ ಮತ್ತು ಲಲಿತಕಲಾ ವಿಶ್ವವಿದ್ಯಾಲಯ ಹತ್ತಿರ. ಆದರೆ ಆದೋನಿ, ರಾಯದುರ್ಗ, ಮಡಕಶಿರಾದವರು ಒಂದು ವಿಷಯ ಗಮನಿಸಬೇಕು. ರಾಜ್ಯ ವಿಭಜನೆಯ ಕಾಯಿದೆ ಎರಡೂ ರಾಜ್ಯಗಳಿಗೆ ಉಳಿಸಿದ್ದ ಹತ್ತು ವರ್ಷಗಳ ಸಮಾನ ಪ್ರವೇಶದ ಅವಧಿ 2024ರ ಜೂನ್‌ನಲ್ಲಿ ಮುಗಿದಿದೆ. ಅಹಮದಾಬಾದಿನ ಸೆಪ್ಟ್ ಮತ್ತು ಎನ್‌ಐಡಿ ದೇಶಮಟ್ಟದ ಹೆಸರುಗಳು. ಸ್ಪರ್ಧೆಯೂ ಅಷ್ಟೇ ಬಿರುಸು. ಐಐಟಿಗಳ ಬಿ.ಡಿಸ್. ಪದವಿಗೆ ಯುಸೀಡ್ ಪರೀಕ್ಷೆ ಉಂಟು. ಅದರ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ, ಆದರೆ ಒಂದು ಭಾಗ ಕೈಯಿಂದ ಚಿತ್ರ ಬಿಡಿಸುವುದು. ಕನ್ನಡ ಮಾಧ್ಯಮದ ಮಕ್ಕಳು ಹನ್ನೊಂದನೇ ತರಗತಿಯಿಂದಲೇ ತಯಾರಿ ಆರಂಭಿಸಿದರೆ ಒಳಿತು.

ಕರ್ನಾಟಕದ ಬಾಗಿಲು

ನಮ್ಮಲ್ಲಿ ಹೆಚ್ಚಿನವರ ಕಣ್ಣು ಬೆಂಗಳೂರು, ಮಂಗಳೂರು, ಮೈಸೂರುಗಳ ಮೇಲೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ತನ್ನ ಸಿಇಟಿ ಅರ್ಹತೆಯಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ಕಲಮುಗಳನ್ನು ಇಟ್ಟಿದೆ. ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಗಡಿನಾಡು ಕಲಮಿನಲ್ಲಿ ಹೆಸರಿಸಿರುವುದು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳನ್ನು. 1967ರ ಮಹಾಜನ ವರದಿ ನೋಡಿದವರಿಗೆ ಈ ಪಟ್ಟಿಯ ಮೂಲ ಹೊಳೆಯುತ್ತದೆ. ಆ ಆಯೋಗದ ಮುಂದಿದ್ದದ್ದು ಮಹಾರಾಷ್ಟ್ರ ಮತ್ತು ಕೇರಳದ ಗಡಿ ಮಾತ್ರ. ಹಾಗಾಗಿ ಹೊಸೂರು, ತಾಳವಾಡಿ, ನೀಲಗಿರಿ, ಆದೋನಿ, ಮಡಕಶಿರಾದ ಮಕ್ಕಳು ಗಡಿಯಲ್ಲೇ ಹುಟ್ಟಿ ಬೆಳೆದರೂ ಹೊರನಾಡು ಕಲಮಿನಲ್ಲೇ ಅರ್ಜಿ ಹಾಕಬೇಕಾಗುತ್ತದೆ. ಷರತ್ತುಗಳೂ ಬೇರೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿಯೇ ಅರ್ಜಿ ತುಂಬಿ.

ಇನ್ನೊಂದು ತೊಡಕು: ಆರ್ಕಿಟೆಕ್ಚರ್ ಸೀಟುಗಳು ಪ್ರಾಧಿಕಾರದ ಮೂಲಕ ಹಂಚಿಕೆಯಾಗುತ್ತವೆ, ಇಂಟೀರಿಯರ್ ಡಿಸೈನ್ ಪದವಿಗೆ ಹೆಚ್ಚಿನ ಕಡೆ ಕಾಲೇಜುಗಳೇ ನೇರವಾಗಿ ಸೇರಿಸಿಕೊಳ್ಳುತ್ತವೆ. ಅಲ್ಲಿ ಈ ಕಲಮುಗಳು ನೆರವಿಗೆ ಬರುವುದಿಲ್ಲ. ಶುಲ್ಕ ಕಾಲೇಜು ಹೇಳಿದಷ್ಟು. ಕನ್ನಡಿಗರೆಂಬ ಹಕ್ಕು ಒಂದು ಓದಿಗೆ ಸಿಕ್ಕಿ, ಅದರ ಪಕ್ಕದ ಓದಿಗೆ ಸಿಗದಿರುವುದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಮಕ್ಕಳ ಬಂಡವಾಳ

ನಮ್ಮ ಊರುಗಳ ಮನೆಗಳೇ ಒಂದು ಪಾಠಶಾಲೆ. ಕಾಸರಗೋಡಿನ ಮುರಕಲ್ಲಿನ ಗೋಡೆ, ಹಂಚಿನ ಮಾಡು, ಚಾವಡಿ, ಸೊಲ್ಲಾಪುರ ಸೀಮೆಯ ವಾಡೆಯ ಪಡಸಾಲೆ, ಆದೋನಿಯ ಮಣ್ಣಿನ ಮಾಳಿಗೆ ಮತ್ತು ಬೆಳಕಿಂಡಿ, ತಾಂಡೂರಿನ ಕಲ್ಲುಹಾಸು. ಸೆಕೆ, ಮಳೆ, ಧೂಳುಗಳಿಗೆ ಹಿರಿಯರು ಕಂಡುಕೊಂಡ ಉತ್ತರಗಳಿವು. ನಿಮ್ಮ ಮಗು ಅಜ್ಜನ ಮನೆಯನ್ನು ಅಳತೆ ಹಿಡಿದು, ಬರೆದು, ಅದರ ಬಳಕೆಯನ್ನು ವಿವರಿಸಿದರೆ, ಇಂಟರ್ನೆಟ್ಟಿನಿಂದ ನಕಲು ಮಾಡಿದ ಹತ್ತು ಚಿತ್ರಗಳಿಗಿಂತ ಆ ಪೋರ್ಟ್‌ಫೋಲಿಯೊಗೆ ತೂಕ ಹೆಚ್ಚು.

ಸದಸ್ಯರಲ್ಲಿ ಮೂರು ವಿನಂತಿ. ಸೇರಿಸುವ ಮೊದಲು ಕಾಗದಗಳ ಪ್ರತಿಯನ್ನು ಕಚೇರಿಗೆ ತನ್ನಿ, ಕೂತು ನೋಡೋಣ. ಈಗಾಗಲೇ ಈ ಓದಿನಲ್ಲಿರುವ ಮಕ್ಕಳ ಹೆಸರು ತಿಳಿಸಿ. ಹೊಸಬರಿಗೆ ಅವರ ಮಾತೇ ದೊಡ್ಡ ಸಹಾಯ. ತಮಿಳುನಾಡು, ಆಂಧ್ರ, ತೆಲಂಗಾಣದ ಗಡಿ ತಾಲ್ಲೂಕುಗಳನ್ನೂ ಗಡಿನಾಡು ಪಟ್ಟಿಗೆ ಸೇರಿಸಬೇಕೆಂಬ ಮನವಿಯನ್ನು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಸಲ್ಲಿಸಲು ನಾವು ಕರಡು ಸಿದ್ಧಪಡಿಸುತ್ತಿದ್ದೇವೆ. ನಿಮ್ಮ ಊರಿನ ಸಹಿಗಳನ್ನು ಬೇಗ ಕಳುಹಿಸಿಕೊಡಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ