ಗಾಳಿಗೂ ನೀರಿಗೂ ಊರಗಡಿಯಿಲ್ಲ

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲುಮಾರ್ಗದ ಉದ್ದ ಸುಮಾರು 16 ಕಿಲೋಮೀಟರ್. ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳು ಈ ಹಾದಿಯಲ್ಲೇ ಇವೆ. ಇಷ್ಟು ಕಿರಿದಾದ ನೆಲದಲ್ಲಿ ಆಡಳಿತ ಮಾತ್ರ ಹಲವು ಹೋಳಾಗಿದೆ. ಬಂಗಾರಪೇಟೆಗೆ ಒಂದು ಪೌರಸಂಸ್ಥೆ, ರಾಬರ್ಟ್‌ಸನ್‌ಪೇಟೆಗೆ ಇನ್ನೊಂದು, ನಡುವಣ ಹಳ್ಳಿಗಳಿಗೆ ಗ್ರಾಮ ಪಂಚಾಯತಿಗಳು, ಗಣಿಯ ನೆಲಕ್ಕೆ ಕೇಂದ್ರ ಸರ್ಕಾರದ ಒಡೆತನ. ಆದರೆ ಈ ಊರುಗಳು ಉಸಿರಾಡುವ ಗಾಳಿ ಒಂದೇ, ಕಾಯುವ ಮಳೆಯೂ ಒಂದೇ. ಹವಾಮಾನ ಬದಲಾವಣೆಯನ್ನು ಎದುರಿಸುವ ಕೆಲಸವನ್ನು ಪ್ರತಿಯೊಂದು ಊರೂ ತನ್ನಷ್ಟಕ್ಕೆ ಮಾಡಿಕೊಳ್ಳಲಿ ಎನ್ನುವುದು ಇಂಥ ನೆಲದಲ್ಲಿ ಅರ್ಥಹೀನ.

ಚಿನ್ನದ ಗಣಿ ಎಂದೂ ಒಂಟಿಯಾಗಿ ಬದುಕಿದ ಊರಲ್ಲ. ಮಲೆನಾಡಿನಲ್ಲಿ ಹುಟ್ಟಿದ ಕಾವೇರಿಯ ನೀರು ಶಿವನಸಮುದ್ರದಲ್ಲಿ ಧುಮುಕಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ಸಾಗಿ ಕೆ.ಜಿ.ಎಫ್. ತಲುಪಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಕ್ಕೂ ಮೂರು ವರ್ಷ ತಡವಾಗಿ. ಕುಡಿಯುವ ನೀರು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಬಂತು. ಅಂದರೆ, ಲಾಭದ ಉದ್ದೇಶವಿದ್ದಾಗ ಒಂದು ನದಿಯನ್ನೂ ಒಂದು ಕೆರೆಯನ್ನೂ ನೂರಾರು ಹಳ್ಳಿಗಳನ್ನೂ ಬೆಸೆಯುವ ವ್ಯವಸ್ಥೆ ಸಾಧ್ಯವಾಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೊರಗೆ ಹೋಗಿತ್ತು. ಅದಿರಿನ ಹುಡಿ ಮಾತ್ರ ಊರಲ್ಲೇ ಉಳಿಯಿತು. ಅದನ್ನು ನೋಡಿಕೊಳ್ಳಲು ಹಿಂದಿನಂತೆ ಕೂಡಿದ ವ್ಯವಸ್ಥೆ ಯಾವುದೂ ಉಳಿಯಲಿಲ್ಲ.

ಜನ ‘ಸೈನೈಡ್ ಗುಡ್ಡ’ ಎಂದು ಕರೆಯುವ ಈ ಹುಡಿಯ ರಾಶಿಗಳು ಹದಿಮೂರು. ಅವುಗಳಲ್ಲಿರುವುದು ಸುಮಾರು 3.3 ಕೋಟಿ ಟನ್. ಸೈನೈಡ್ ಬಿಸಿಲಿಗೆ ಕಾಲಕ್ರಮೇಣ ವಿಘಟಿಸುತ್ತದೆ; ಭಾರಲೋಹಗಳು ವಿಘಟಿಸುವುದಿಲ್ಲ. ಬೇಸಿಗೆ ದೀರ್ಘವಾದಷ್ಟೂ ಹುಡಿ ಹೆಚ್ಚು ಹಾರುತ್ತದೆ. ಮಳೆ ಕಡಿಮೆ ದಿನಗಳಲ್ಲಿ ಹೆಚ್ಚು ಸುರಿದಷ್ಟೂ ಅದೇ ಹುಡಿ ಕೊಚ್ಚಿಹೋಗಿ ಇಳಿಜಾರಿನ ಹಳ್ಳ, ಹೊಲ, ಕುಂಟೆಗಳನ್ನು ಸೇರುತ್ತದೆ. ಹವಾಮಾನ ಬದಲಾವಣೆ ತರುವ ಎರಡು ಅತಿಗಳೂ ಹಳೆಯ ಗಾಯವನ್ನೇ ಕೆದಕುತ್ತವೆ. ಈ ರಾಶಿಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ರಾಶಿ ಕದಲಲಿ, ಕದಲದಿರಲಿ, ಧೂಳು ಟೆಂಡರಿಗಾಗಿ ಕಾಯುವುದಿಲ್ಲ.

ಕೃಷಿ ವಿಜ್ಞಾನದ ದೃಷ್ಟಿಯಿಂದ ಈ ಹುಡಿಯ ದೊಡ್ಡ ಕೊರತೆ ಸಾವಯವ ಅಂಶ ಮತ್ತು ಸಾರಜನಕ. ಅದು ನೀರನ್ನು ಹಿಡಿದಿಡುವುದಿಲ್ಲ. ಆದ್ದರಿಂದಲೇ ಅಲ್ಲಿ ಹಸಿರು ನಿಲ್ಲುವುದು ಕಷ್ಟ. ಇತ್ತ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ಮಾರುಕಟ್ಟೆಗಳಲ್ಲಿ ಹಸಿಕಸ ಪ್ರತಿದಿನವೂ ಹುಟ್ಟುತ್ತದೆ. ಬೇರ್ಪಡಿಸದೆ ಗುಡ್ಡೆ ಹಾಕಿದರೆ ಅದೇ ಕಸ ಕೊಳೆತು ಮೀಥೇನ್ ಅನಿಲವಾಗುತ್ತದೆ. ಬೇರ್ಪಡಿಸಿ ಗೊಬ್ಬರ ಮಾಡಿದರೆ ಬರಡು ರಾಶಿಯ ಅಂಚುಗಳಿಗೆ ಹೊದಿಕೆಯಾಗುತ್ತದೆ. ಸಾರಜನಕ ಸ್ಥಿರೀಕರಿಸುವ ಹೊಂಗೆಯಂಥ ಮರಗಳು, ಆಳವಾಗಿ ಬೇರು ಬಿಡುವ ಹುಲ್ಲುಗಳು ಅಲ್ಲಿ ಹಿಡಿಯಬಲ್ಲವು. ಒಂದೇ ನಿಬಂಧನೆ: ಆ ನೆಲದಲ್ಲಿ ಮೇವನ್ನಾಗಲಿ ಆಹಾರವನ್ನಾಗಲಿ ಬೆಳೆಯಕೂಡದು, ದನಕರು ಮೇಯಕೂಡದು. ಒಂದು ಊರಿನ ಕಸ ಇನ್ನೊಂದು ಊರಿನ ಧೂಳಿಗೆ ಔಷಧಿಯಾಗುವ ಈ ಕೆಲಸ ಯಾವ ಒಂದು ಪೌರಸಂಸ್ಥೆಯ ಕಡತದಲ್ಲೂ ಪೂರ್ಣವಾಗಿ ಅಡಕವಾಗದು. ಅಕ್ಕಪಕ್ಕದ ಸ್ಥಳೀಯ ಸಂಸ್ಥೆಗಳು ಕೂಡಿ ಪ್ರಾದೇಶಿಕ ವ್ಯವಸ್ಥೆ ಮಾಡಿಕೊಳ್ಳಲು 2016ರ ಘನತ್ಯಾಜ್ಯ ನಿಯಮಗಳೇ ದಾರಿ ತೆರೆದವು.

ನೀರಿನ ಲೆಕ್ಕ ಇನ್ನೂ ಸ್ಪಷ್ಟ. ಕೋಲಾರ ಜಿಲ್ಲೆಯ ವಿಸ್ತೀರ್ಣ ಸುಮಾರು 4 ಸಾವಿರ ಚದರ ಕಿಲೋಮೀಟರ್. ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದು ಹಿಡಿದರೂ ಜಿಲ್ಲೆಯ ಮೇಲೆ ಬೀಳುವ ನೀರು ಸುಮಾರು 99 ಟಿ.ಎಂ.ಸಿ. ಇದರ ಬಹುಪಾಲು ಆವಿಯಾಗುವುದೂ ಬೆಳೆಗಳು ಹೀರುವುದೂ ಸಹಜ. ಹತ್ತರಲ್ಲಿ ಒಂದು ಭಾಗವನ್ನು ಹಿಡಿದರೂ ಅದು ಹತ್ತು ಟಿ.ಎಂ.ಸಿ.ಯಷ್ಟಾಗುತ್ತದೆ. ಈ ಲೆಕ್ಕವನ್ನು ಪೂರ್ವಿಕರು ಬಲ್ಲವರಾಗಿದ್ದರು. ಅವಿಭಜಿತ ಕೋಲಾರದ 4 ಸಾವಿರಕ್ಕೂ ಮಿಕ್ಕ ಕೆರೆಗಳು ಒಂದರ ಕೋಡಿ ಇನ್ನೊಂದರ ಒಳಹರಿವಾಗುವಂತೆ ಸರಪಳಿಯಾಗಿ ಕಟ್ಟಲ್ಪಟ್ಟವು. ಸರಪಳಿಯ ಒಂದು ಕೊಂಡಿ ಒತ್ತುವರಿಯಾದರೆ ಕೆಳಗಿನ ಊರಿನ ಬಾವಿ ಬತ್ತುತ್ತದೆ. ಆದುದರಿಂದ ‘ನಮ್ಮೂರ ಕೆರೆಯ ಹೂಳು ನಾವು ತೆಗೆದೆವು’ ಎಂಬ ಹೆಮ್ಮೆ ಅರ್ಧ ಸತ್ಯ. ರಾಜಕಾಲುವೆ ಮೇಲಿನ ಊರಿನದಾಗಿದ್ದರೆ ಹೂಳು ತೆಗೆದ ಕೆರೆಯೂ ಖಾಲಿ ಬಟ್ಟಲೇ.

ಹೀಗೆ ಹೇಳಿದಾಗ ಎರಡು ಆಕ್ಷೇಪಗಳು ಏಳುತ್ತವೆ. ಚಿಕ್ಕ ಊರುಗಳು ಉಗುಳುವ ಹೊಗೆ ಎಷ್ಟು, ಅವುಗಳಿಗೇಕೆ ಈ ಹೊರೆ ಎಂಬುದು ಮೊದಲನೆಯದು. ಹೊಗೆ ಅಲ್ಪವೆಂಬುದು ನಿಜ. ಆದರೆ ಬರ ಬಂದಾಗ ಅದು ಹೊಗೆಯ ಲೆಕ್ಕ ಕೇಳಿ ಬರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅದಕ್ಕೆ ಎರಡೇ ವರ್ಷ ಮುಂಚೆ, 2021ರ ನವೆಂಬರ್‌ನಲ್ಲಿ, ಒಣಗಿದ ಮರಳುಹಾಸಾಗಿದ್ದ ಪಾಲಾರ್ ಉಕ್ಕಿ ವೆಲ್ಲೂರಿನವರೆಗೂ ಪ್ರವಾಹ ತಂದಿತು. ಚಿಕ್ಕ ಊರುಗಳಿಗೆ ಹವಾಮಾನದ ಕೆಲಸವೆಂದರೆ ಮುಖ್ಯವಾಗಿ ಬದುಕಿ ಉಳಿಯುವ ಸಿದ್ಧತೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕೂಟವೆಂದರೆ ದೊಡ್ಡ ಊರಿನ ಕೊಳೆಯನ್ನು ಚಿಕ್ಕ ಊರು ಹೊರುವುದೆಂಬ ಭಯ ಅದು. ಭಯಕ್ಕೆ ಕಾರಣವಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್‌ನಲ್ಲಿ ಕೋಲಾರದ ಕೆರೆಗೆ ಹರಿಯಿತು. ಮರು ತಿಂಗಳೇ ನೊರೆ ಕಂಡು ಉಚ್ಚ ನ್ಯಾಯಾಲಯ ತಡೆ ನೀಡಬೇಕಾಯಿತು. ಮುಂದೆ ನೀರು ಮತ್ತೆ ಹರಿದು ಕೆರೆಗಳು ತುಂಬಿದವು, ಅಂತರ್ಜಲವೂ ಚೇತರಿಸಿತು; ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ರೈತರ ಬೇಡಿಕೆ ಮಾತ್ರ ನಿಲ್ಲಲಿಲ್ಲ. ಇದರಿಂದ ಕಲಿಯಬೇಕಾದ ಪಾಠ ಕೂಡಬಾರದೆಂಬುದಲ್ಲ. ಪಡೆಯುವವನಿಗೂ ಪರೀಕ್ಷಿಸುವ, ಬೇಡವೆನ್ನುವ ಹಕ್ಕಿರದಿದ್ದರೆ ಅದು ಸಹಕಾರವಲ್ಲ, ಸಾಗಣೆ ಎಂಬುದು.

ಗಣಿಯ ನೆಲವೇ ಇದಕ್ಕೆ ಹೊರನಾಡಿನಲ್ಲೊಂದು ನಿದರ್ಶನ ಒದಗಿಸಿದೆ. ಜರ್ಮನಿಯ ರೂರ್ ಕಲ್ಲಿದ್ದಲು ಸೀಮೆಯಲ್ಲಿ ಎಂಷರ್ ಎಂಬ ಚಿಕ್ಕ ನದಿಯಿದೆ. ಗಣಿಯಿಂದ ನೆಲ ಕುಸಿಯುತ್ತಿದ್ದುದರಿಂದ ಒಳಚರಂಡಿ ಅಸಾಧ್ಯವಾಗಿ, ನದಿಯೇ ತೆರೆದ ಚರಂಡಿಯಾಗಿತ್ತು. 1899ರಲ್ಲಿ ಅಲ್ಲಿನ ಪಟ್ಟಣಗಳೂ ಗಣಿಗಳೂ ಸೇರಿ ಒಂದು ಸಹಕಾರ ಸಂಸ್ಥೆ ಕಟ್ಟಿದವು. ಗಣಿಗಾರಿಕೆ ಹಿಂದೆ ಸರಿದ ಮೇಲೆ ಅದೇ ಸಂಸ್ಥೆ 1992ರಿಂದ ನದಿಯನ್ನು ಮರಳಿ ನದಿಯಾಗಿಸುವ ಕೆಲಸ ಹಿಡಿದು, 2021ರ ಅಂತ್ಯಕ್ಕೆ ಅದನ್ನು ಕೊಳಚೆಯಿಂದ ಬಿಡಿಸಿತು. ಹಣ ಅಪಾರವಾಗಿಯೇ ಬೇಕಾಯಿತು. ಆದರೆ ಹಣಕ್ಕಿಂತ ಮೊದಲು ಇದ್ದದ್ದು ಗಣಿ ಮುಚ್ಚಿದರೂ ಮುಚ್ಚದ ಒಂದು ಸಂಸ್ಥೆ. ಕೆ.ಜಿ.ಎಫ್.ಗೆ ಇಲ್ಲದೆ ಹೋದದ್ದು ಅದೇ.

ಅದಕ್ಕಾಗಿ ಹೊಸ ಕಾನೂನಿಗೆ ಕಾಯಬೇಕಿಲ್ಲ. 74ನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಜಿಲ್ಲಾ ಯೋಜನಾ ಸಮಿತಿಯ ಕರ್ತವ್ಯವೇ ಪಂಚಾಯತಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಗ್ಗೂಡಿಸುವುದು. ನೀರಿನ ಹಂಚಿಕೆ ಮತ್ತು ಪರಿಸರ ಸಂರಕ್ಷಣೆಗಳು ಅಲ್ಲಿ ಸ್ಪಷ್ಟವಾಗಿ ನಮೂದಾಗಿವೆ. ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರು ಚುನಾಯಿತರಿಂದಲೇ ಆಯ್ಕೆಯಾಗಬೇಕು. 2021ರಲ್ಲಿ ಜಿಲ್ಲಾ ಪಂಚಾಯತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಹೋದದ್ದು ಈ ಸಮಿತಿಯ ಬುಡಕ್ಕೇ ಬಿದ್ದ ಪೆಟ್ಟು. ಹವಾಮಾನದ ಹೋರಾಟದಲ್ಲಿ ಸ್ಥಳೀಯ ಚುನಾವಣೆಯ ಬೇಡಿಕೆಯೂ ಸೇರಬೇಕಾದದ್ದು ಇದರಿಂದಲೇ. ಬೆಂಗಳೂರು 2023ರ ನವೆಂಬರ್‌ನಲ್ಲಿ ತನ್ನದೇ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿತು. ಬಂಗಾರಪೇಟೆ, ಕೆ.ಜಿ.ಎಫ್., ಬೇತಮಂಗಲಗಳಿಗೆ ಬೇಕಿರುವುದು ಅದರ ಮರಿಪ್ರತಿಗಳಲ್ಲ. ಮೂರಕ್ಕೂ ಸೇರಿ ಒಂದೇ ಯೋಜನೆ, ಒಂದೇ ಕೆರೆ ನಕ್ಷೆ, ಒಂದೇ ಧೂಳಿನ ಮಾಪನ ವ್ಯವಸ್ಥೆ.

ಇದು ಬಯಲುಸೀಮೆಯ ಮಾತು, ಮಲೆಯ ಹಳ್ಳಿಗಳಿಗೇನು ಸಂಬಂಧ ಎಂದು ಯಾರೂ ತಿಳಿಯಬೇಕಿಲ್ಲ. ಕೋಲಾರವೂ ಸೇರಿದಂತೆ ಬಯಲು ಜಿಲ್ಲೆಗಳಿಗೆಂದು ಸಕಲೇಶಪುರದ ಕಾಡುಹಳ್ಳಗಳಿಂದ 24.01 ಟಿ.ಎಂ.ಸಿ. ನೀರೆತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಕೋರಮಂಡಲ್‌ನ ತಾಯಿ ಕೊಡ ಹಿಡಿದು ನಿಲ್ಲುವ ಸಾಲು ಸುಳ್ಳಲ್ಲ. ಆ ಬಾಯಾರಿಕೆಗೆ ಉತ್ತರ ಹೇಳದೆ ಘಟ್ಟದ ಹೊಳೆಯನ್ನು ಮುಟ್ಟಬೇಡಿ ಎನ್ನುವ ಹೋರಾಟ ಅರ್ಧ ಹೋರಾಟ. ಬಯಲಿನ ಊರುಗಳು ಕೂಡಿ ತಮ್ಮ ಕೆರೆಗಳನ್ನು ಉಳಿಸಿಕೊಂಡಷ್ಟೂ ಘಟ್ಟದ ಮೇಲಿನ ಒತ್ತಡ ಇಳಿಯುತ್ತದೆ. ಆದ್ದರಿಂದ ಬೇತಮಂಗಲದ ರಾಜಕಾಲುವೆ ತೆರವಾಗಲಿ ಎಂಬ ಬೇಡಿಕೆ ಮಲೆನಾಡಿನ ಗ್ರಾಮಸಭೆಗಳಲ್ಲಿಯೂ ಕೇಳಿಬರಬೇಕು. ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಕಾಲುವೆಯ ಜಾಡು ಹಿಡಿದು ನಡೆದು ನಕ್ಷೆ ಬರೆಯಬೇಕು. ನೆರೆಹೊರೆಯೆಂದರೆ ಬೇಲಿಯಾಚೆಯ ಮನೆ ಮಾತ್ರವಲ್ಲ. ಒಂದೇ ನೀರನ್ನು ನಂಬಿರುವವರೆಲ್ಲರೂ ನೆರೆಯವರೇ.