ಆರು ನಿಮಿಷದ ತಕ್ಕಡಿ

ಕೆರೆಬಿಳಚಿಯ ಹುಡುಗ ಕಾನೂನು ಓದಿ ಬೆಂಗಳೂರಿನ ದೊಡ್ಡ ವಕೀಲಿ ಕಂಪನಿ ಸೇರಿದನೆಂದರೆ, ಗೆದ್ದನೆಂದು ಊರೇ ಹಿಗ್ಗುತ್ತದೆ. ಗೆದ್ದವರು ಯಾರೆಂದು ನೋಡೋಣ.

ಅಲ್ಲಿ ಕಾಲವನ್ನು ಆರಾರು ನಿಮಿಷದ ತುಂಡು ಮಾಡಿ ಕಕ್ಷಿದಾರನಿಗೆ ಮಾರುತ್ತಾರೆ. ಕಿರಿಯ ವಕೀಲ ಒಂದೊಂದು ತುಂಡಿಗೂ ಲೆಕ್ಕ ಬರೆಯಬೇಕು. ಕಾದದ್ದು, ಕಲಿತದ್ದು, ಉಂಡದ್ದು ಲೆಕ್ಕಕ್ಕಿಲ್ಲ. ಎಂಟು ಗಂಟೆ ತೋರಿಸಲು ಹನ್ನೆರಡು ಗಂಟೆ ಕೂರಬೇಕು. ನಮ್ಮ ಸೀಮೆಯಲ್ಲಿ ಅಡಿಕೆ ಸುಲಿಯುವವಳಿಗೆ ಸುಲಿದಷ್ಟಕ್ಕಾದರೂ ಕೂಲಿಯುಂಟು. ಇವನಿಗೆ ಗೊತ್ತಾದ ಸಂಬಳ, ಹೆಚ್ಚೆಂದರೆ ವರ್ಷಕ್ಕೊಂದು ಬೋನಸ್ಸು. ಮಿಕ್ಕ ಲಾಭವೆಲ್ಲ ಧಣಿಗಳಿಗೆ. ಲೆಕ್ಕ ತಗ್ಗಿತೋ, ನಡುರಾತ್ರಿ ಫೋನಿನಲ್ಲಿ ಬೈಗುಳ. ಗಿರಣಿಯ ಮೇಸ್ತ್ರಿ ಮುಖ ನೋಡಿಯಾದರೂ ಬೈಯುತ್ತಿದ್ದ!

ಗಿರಣಿ ಕಾರ್ಮಿಕನಿಗೆ 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು, ಮೀರಿದರೆ ದುಪ್ಪಟ್ಟು ಕೂಲಿ ಎಂದಿತು. ವಕೀಲರ ಸಂಸ್ಥೆ ‘ಕೈಗಾರಿಕೆ’ಯೇ ಅಲ್ಲವೆಂದು 1962ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 1978ರಲ್ಲಿ, ಬೆಂಗಳೂರು ನೀರು ಸರಬರಾಜು ಮಂಡಲಿಯ ನೌಕರರ ಮೊಕದ್ದಮೆಯಲ್ಲಿ, ಅದೇ ಕೋರ್ಟು ಆ ಮಾತನ್ನು ತಳ್ಳಿಹಾಕಿತು. ನೀರು ಬಿಡುವವರು ವಕೀಲರ ಕಚೇರಿಯ ಬಾಗಿಲನ್ನೂ ತೆರೆದರು! ಆದರೂ ಕಿರಿಯ ವಕೀಲ ಒಳಗೆ ಬರಲಿಲ್ಲ. ತಾನು ಕಾರ್ಮಿಕನಲ್ಲ, ವೃತ್ತಿಪರ ಎಂಬ ಬಿರುದು ಹೊತ್ತು ಹೊರಗೇ ನಿಂತ. ಧಣಿಗಳಿಗೆ ಕಾಸು ಖರ್ಚಿಲ್ಲದ ಬಿರುದು.

ಸಂಬಳ ದೊಡ್ಡದಲ್ಲವೇ, ನಮಗೇನು ಎನ್ನುತ್ತೀರಾ? ಮನೆಮನೆಗೆ ಊಟ ಮುಟ್ಟಿಸುವ ಹುಡುಗರಿಗೆ ಈಗಾಗಲೇ ‘ಪಾಲುದಾರ’ ಎಂಬ ಬಿರುದು ತೊಡಿಸಿದ್ದಾರೆ. ನಾಳೆ ಅಂಗಡಿಯ ಗುಮಾಸ್ತನಿಗೂ ತೊಡಿಸಿಯಾರು. ಕರಿಕೋಟಿನವರ ದುಡಿಮೆಗೂ ಗಂಟೆಯ ಮಿತಿ ಬೇಕು, ಬೈಗುಳದ ಮೇಲೆ ದೂರು ಕೇಳುವ ಅಧಿಕಾರಿ ಬೇಕು. ಇದನ್ನು ಕೇಳಲು ಅವರು ಸಂಘ ಕಟ್ಟಿಕೊಂಡು ಬಂದ ದಿನ ಗಿರಣಿಯವರೂ ಅಂಗಡಿಯವರೂ ಜೊತೆಗೆ ನಿಲ್ಲಬೇಕೆಂದು ನಾವು ಕೇಳುತ್ತೇವೆ.